ತಂತ್ರಜ್ಞಾನ ವರದಿಗಾರನ ಕೆಲಸ ಏನು?

ಪತ್ರಿಕೋದ್ಯಮ ಓದುವ ಮಕ್ಕಳನ್ನು "ಮುಂದೆ ಏನು ಬರೀತೀರಿ?" ಎಂದು ಕೇಳಿದರೆ ರಾಜಕೀಯ, ಸಿನಿಮಾ, ಕ್ರಿಕೆಟ್ ಅಂತಾರೆ. ತಂತ್ರಜ್ಞಾನ ಅನ್ನುವವರು ಕಡಿಮೆ. ಅಂದವರ ಮನಸ್ಸಿನಲ್ಲೂ ಇರುವುದು ಹೊಸ ಮೊಬೈಲಿನ ಕ್ಯಾಮೆರಾ, ಬ್ಯಾಟರಿ, ಬೆಲೆ ಅಷ್ಟೇ. ಆದರೆ ಈ ಕೆಲಸದ ಭಾರ ಬೇರೆ ಕಡೆ ಇದೆ. ಅದಕ್ಕೆ ಪುಣೆಯ ಒಂದು ಘಟನೆಯನ್ನು ನೋಡೋಣ.

2018ರ ಆಗಸ್ಟ್ 11, ಎರಡನೇ ಶನಿವಾರ. ಬ್ಯಾಂಕುಗಳಿಗೆ ರಜೆ. 1906ರಲ್ಲಿ ಶುರುವಾದ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ನಕಲಿ ಕಾರ್ಡುಗಳನ್ನು ಬಳಸಿ 28 ದೇಶಗಳ ಎಟಿಎಂಗಳಿಂದ ಕೆಲವೇ ಗಂಟೆಗಳಲ್ಲಿ ಸುಮಾರು 78 ಕೋಟಿ ರೂಪಾಯಿ ತೆಗೆದರು. ಭಾರತದೊಳಗೂ ಸುಮಾರು ಎರಡೂವರೆ ಕೋಟಿ ಹೋಯಿತು. 13ರಂದು ಮತ್ತೆ ಸುಮಾರು 13.9 ಕೋಟಿ ಹಾಂಗ್‌ಕಾಂಗಿನ ಖಾತೆಯೊಂದಕ್ಕೆ ವರ್ಗವಾಯಿತು. ಒಟ್ಟು 94 ಕೋಟಿಗೂ ಹೆಚ್ಚು.

ಇಷ್ಟನ್ನು ಅಪರಾಧ ವರದಿಗಾರನೂ ಬರೆಯುತ್ತಾನೆ. ಆದರೆ ಪೇಪರ್ ಓದಿದ ಠೇವಣಿದಾರನ ಪ್ರಶ್ನೆ ಒಂದೇ: "ನನ್ನ ದುಡ್ಡು ಇದೆಯಾ, ಹೋಯಿತಾ?" ಇದಕ್ಕೆ ಉತ್ತರ ಕೊಡಬೇಕಾದರೆ ಎಟಿಎಂ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿರಬೇಕು.

ನಾವು ಕಾರ್ಡ್ ಹಾಕಿದಾಗ ಯಂತ್ರವು 'ಹಣ ಕೊಡಲೇ?' ಎಂದು ಬ್ಯಾಂಕಿನ ಸ್ವಿಚ್ ಎಂಬ ಕಂಪ್ಯೂಟರನ್ನು ಕೇಳುತ್ತದೆ. ಸ್ವಿಚ್ಚು ಮುಖ್ಯ ಲೆಕ್ಕದಲ್ಲಿ ಬಾಕಿ ನೋಡಿ ಹೂಂ ಅಥವಾ ಉಹೂಂ ಅನ್ನುತ್ತದೆ. ಕಳ್ಳರು ಮಾಲ್‌ವೇರ್ ನುಗ್ಗಿಸಿ ಒಂದು ಸುಳ್ಳು ಸ್ವಿಚ್ ಕೂರಿಸಿದ್ದರು. ಕೇಳಿದ್ದಕ್ಕೆಲ್ಲ ಅದು ಹೂಂ ಅಂದಿತು. ಪ್ರಶ್ನೆ ಮುಖ್ಯ ಲೆಕ್ಕದವರೆಗೆ ಹೋಗಲೇ ಇಲ್ಲ. ಹಾಗಾಗಿ ಗ್ರಾಹಕರ ಖಾತೆಗಳಲ್ಲಿ ಹಣ ಕಡಿಮೆಯಾಗಲಿಲ್ಲ, ನಷ್ಟ ಬ್ಯಾಂಕಿನದಾಯಿತು.

'ಗ್ರಾಹಕರ 94 ಕೋಟಿ ಮಾಯ' ಅಂತ ತಲೆಬರಹ ಕೊಟ್ಟರೆ ಏನಾಗುತ್ತೆ ಯೋಚಿಸಿ. ಮಗಳ ಮದುವೆಗೆ ಕೂಡಿಟ್ಟವರು, ಪಿಂಚಣಿಯಲ್ಲಿ ಬದುಕುವವರು ಬೆಳಗ್ಗೆಯೇ ಬ್ಯಾಂಕಿನ ಮುಂದೆ ಸಾಲು ನಿಲ್ಲುತ್ತಾರೆ. ಎಲ್ಲರೂ ಒಟ್ಟಿಗೆ ಹಣ ಕೇಳಿದರೆ ಗಟ್ಟಿ ಬ್ಯಾಂಕೂ ತತ್ತರಿಸುತ್ತದೆ. ಹಾಗಂತ 'ಏನೂ ಆಗಿಲ್ಲ' ಎಂಬ ಸಮಜಾಯಿಷಿಯನ್ನು ಇದ್ದಂತೆ ಅಚ್ಚು ಹಾಕುವುದೂ ತಪ್ಪು. ಸುಳ್ಳು ಸ್ವಿಚ್ ಒಳಗೆ ಬಂದದ್ದು ಹೇಗೆ, ಅಷ್ಟು ಹೊತ್ತು ಯಾರಿಗೂ ಯಾಕೆ ಕಾಣಲಿಲ್ಲ ಅಂತ ಕೇಳಲೇಬೇಕು.

ಇದಕ್ಕೆ ಇಂಜಿನಿಯರಿಂಗ್ ಪದವಿಯೇ ಬೇಕು ಅಂತಿಲ್ಲ. ಕನ್ನಡದಲ್ಲಿ ದಾರಿ ತೋರಿದವರಿದ್ದಾರೆ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ 1996ರಲ್ಲಿ 'ವಿಶ್ವಕನ್ನಡ' ಅಂತರಜಾಲ ಪತ್ರಿಕೆ ಶುರುಮಾಡಿ, ಆಮೇಲೆ ದಿನಪತ್ರಿಕೆಗಳಲ್ಲಿ ಅಂಕಣ ಬರೆದರು. ನಾಗೇಶ ಹೆಗಡೆಯವರು ಪ್ರಜಾವಾಣಿಯಲ್ಲಿ ವಿಜ್ಞಾನವನ್ನು ಎಲ್ಲರಿಗೂ ತಿಳಿಯುವಂತೆ ಬರೆದರು.

ಆಸಕ್ತಿ ಇರುವವರು ಇವತ್ತೇ ಶುರುಮಾಡಬಹುದು. ಮನೆಯ ಹಿರಿಯರ ಫೋನಿಗೆ ಬಂದ ಒಂದು ಒಟಿಪಿ ಏನು, ಯಾಕೆ ಯಾರಿಗೂ ಹೇಳಬಾರದು ಅಂತ ಹತ್ತು ಸಾಲಿನಲ್ಲಿ ಬರೆಯಿರಿ. ಅದನ್ನು ಅವರ ಕೈಲೇ ಓದಿಸಿ. ಎಲ್ಲಿ ತಡವರಿಸಿದರೋ ಆ ಸಾಲನ್ನು ತಿದ್ದಿ.