ಒಂದು–ಒಂದು: ಡ್ರಾ ಆಗಿಯೂ ಕಪ್ ಗೆದ್ದ ಪಂದ್ಯ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಗೆಳೆಯರೇ, ಫುಟ್‌ಬಾಲ್ ಪಂದ್ಯ ಡ್ರಾ ಆದರೆ ‘ಯಾರೂ ಗೆಲ್ಲಲಿಲ್ಲ ಬಿಡು’ ಅಂತೀವಿ, ಅಲ್ವಾ? ಆದರೆ ಇಡೀ ಲೀಗ್‌ನ ಚಾಂಪಿಯನ್ ಯಾರು ಅನ್ನೋದು ಒಂದು ಡ್ರಾದಲ್ಲೇ ತೀರ್ಮಾನ ಆಗಿದೆ. ಅದೂ ನಮ್ಮ ಬೆಂಗಳೂರಲ್ಲಿ!

2015ರ ಮೇ 31. ಕಂಠೀರವ ಕ್ರೀಡಾಂಗಣ. ಆಗಿನ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಐ-ಲೀಗ್‌ನ ನಿರ್ಣಾಯಕ ಪಂದ್ಯ. ಹಿಂದಿನ ಸಲದ ಚಾಂಪಿಯನ್ ಬೆಂಗಳೂರು ಎಫ್‌ಸಿ, ಎದುರಿಗೆ ಕೋಲ್ಕತ್ತದ ಮೋಹನ್ ಬಾಗನ್.

ಲೆಕ್ಕ ಸರಳ. ಗೆದ್ದರೆ 3 ಅಂಕ, ಡ್ರಾ ಆದರೆ ತಲಾ 1, ಸೋತರೆ ಸೊನ್ನೆ. ಬಾಗನ್ ಹತ್ತಿರ 38 ಅಂಕ, ಬೆಂಗಳೂರಿನ ಹತ್ತಿರ 36. ಬೆಂಗಳೂರು ಗೆಲ್ಲಲೇಬೇಕು; ಬಾಗನ್‌ಗೆ ಡ್ರಾ ಸಾಕು.

41ನೇ ನಿಮಿಷ. ಜಾನ್ ಜಾನ್ಸನ್ ಗೋಲು! ಬೆಂಗಳೂರು ಮುಂದೆ. ಹೀಗೇ ಮುಗಿದರೆ ಕಪ್ ನಮ್ಮದೇ.

ಗಡಿಯಾರ ಓಡ್ತಾ ಇದೆ. 87ನೇ ನಿಮಿಷ. ಬಾಗನ್‌ಗೆ ಕಾರ್ನರ್ ಕಿಕ್. ಸೋನಿ ನಾರ್ಡೆ ಒದ್ದ ಚೆಂಡು ಗೋಲಿನ ಮುಂದಕ್ಕೆ ತೇಲಿ ಬಂತು. ಬೆಲ್ಲೊ ರಝಾಕ್ ಎಗರಿ ತಲೆ ಕೊಟ್ಟರು. ಗೋಲು! 1–1.

ಪಂದ್ಯ ಸಮ. ಆದರೆ ಅಂಕಪಟ್ಟಿಯಲ್ಲಿ ಬಾಗನ್ 39, ಬೆಂಗಳೂರು 37. ಹದಿಮೂರು ವರ್ಷ ಕಾದಿದ್ದ ಬಾಗನ್‌ಗೆ ಮತ್ತೆ ರಾಷ್ಟ್ರೀಯ ಲೀಗ್ ಕಿರೀಟ.

0–0 ಆಗಿದ್ದರೂ ಅಂಕ ಅಷ್ಟೇ ಸಿಗುತ್ತಿತ್ತು. ಆದರೆ 1–1 ಅಂದರೆ ಹಿಂದೆ ಬಿದ್ದವರು ಎದ್ದು ಬಂದರು ಅಂತ ಅರ್ಥ. ನಿಮ್ಮೂರ ಶಾಲೆ ಮೈದಾನದಲ್ಲಿ ಒಂದು ಗೋಲು ಹಿಂದೆ ಬಿದ್ದಿದ್ದೀರಾ? ಕೊನೇ ಸೀಟಿ ಊದೋವರೆಗೂ ಆಡಿ. ಆ ಒಂದು ಗೋಲಿಗೆ ಕಪ್ಪಿನಷ್ಟೇ ಬೆಲೆ ಇರಬಹುದು!