ಜೀನು ಬಿಡದ ಹಿರಿಯರು, ಲಾಯ ಬಿಟ್ಟ ಕುದುರೆಗಳು

ಅಕ್ಕಲಕೋಟ: ಎಪ್ಪತ್ತು ದಾಟಿದ ಅಜ್ಜ ನಮ್ಮ ಕಡೆ ಏನು ಮಾಡುತ್ತಾನೆ? ಮುಂಜಾನೆ ಗುಡಿಗೆ ಹೋಗಿ ಬರುತ್ತಾನೆ. ಬಿಸಿಲು ಇಳಿದ ಮೇಲೆ ಕಟ್ಟೆಗೆ ಕೂಡುತ್ತಾನೆ. ಹೊಲಕ್ಕೆ ಹೋಗಲು ಮೋಟಾರ್ ಸೈಕಲ್‌ಗೆ ಕೈ ಹಚ್ಚಿದರೆ ಮನೆಮಂದಿಯೆಲ್ಲ 'ಯಜ್ಜಾ, ಸಾಕ ಬಿಡ್ರಿ, ಬಿದ್ದಗಿದ್ದೀರಿ' ಎಂದು ಓಡಿ ಬರುತ್ತಾರೆ. ಜಪಾನಿನ ಹಿರೋಶಿ ಹೊಕೆತ್ಸು ಅವರಿಗೆ ಹಾಗೆ ಹೇಳುವವರು ಯಾರೂ ಇರಲಿಲ್ಲವೋ, ಇದ್ದರೂ ಅವರು ಕೇಳಲಿಲ್ಲವೋ! 2012ರ ಆಗಸ್ಟ್‌ನಲ್ಲಿ ಲಂಡನ್ ಒಲಿಂಪಿಕ್ಸ್ ಅಂಗಳಕ್ಕೆ ಅವರು ಕುದುರೆ ಏರಿಯೇ ಬಂದರು. ಆಗ ಅವರ ವಯಸ್ಸು 71.

ಜಪಾನಿನ ಅಜ್ಜನ ಸುದ್ದಿ ಅಕ್ಕಲಕೋಟಕ್ಕೆ ಯಾಕೆ ಎಂದು ಕೇಳಬಹುದು. ಕುದುರೆಯ ಮೇಲೆ ಬೆಳೆದ ಊರುಗಳಲ್ಲಿ ನಮ್ಮದೂ ಒಂದು. ಭೋಸಲೆ ಅರಸರ ಅಕ್ಕಲಕೋಟ ಸಂಸ್ಥಾನ ಕುದುರೆ ದಂಡು ಸಾಕಬೇಕು, ಕರೆ ಬಂದಾಗ ಕಳಿಸಬೇಕು ಎಂಬ ಕರಾರು ಇತ್ತು. 1868ರಲ್ಲಿ ಆ ದಂಡು ಬರಖಾಸ್ತಾಯಿತು. ಅದರ ಬದಲಿಗೆ ಸಂಸ್ಥಾನ ಬ್ರಿಟಿಷರಿಗೆ ವರ್ಷಕ್ಕೆ 14,592 ರೂಪಾಯಿ ಕೊಡಬೇಕೆಂದು ಗೊತ್ತುಮಾಡಲಾಯಿತು. ಕುದುರೆ ಹೋಗಿ ರೊಕ್ಕ ಬಂತು ಎನ್ನುವ ಹಾಗೂ ಇಲ್ಲ, ರೊಕ್ಕವೂ ಕೈಬಿಟ್ಟು ಹೋಯಿತು. ಸ್ವಂತ ಕುದುರೆ ತಂದು ದಂಡಿನಲ್ಲಿ ಸೇರುವವ ಶಿಲೇದಾರ, ಸರಕಾರದ ಕುದುರೆ ಹತ್ತುವವ ಬಾರಗೀರ. ಶಿಲೇದಾರ, ಘೋಡಕೆ ಎಂಬ ಅಡ್ಡಹೆಸರಿನವರು ಗಡಿಭಾಗದ ಎರಡೂ ಕಡೆ ಇಂದಿಗೂ ಸಿಗುತ್ತಾರೆ. ಲಾಯ ಇರುವ ಮನೆ ಹುಡುಕಲು ಮಾತ್ರ ದಿನಗಟ್ಟಲೆ ತಿರುಗಬೇಕು.

48 ವರ್ಷದ ಅಂತರ

ಹೊಕೆತ್ಸು ಹುಟ್ಟಿದ್ದು 1941ರಲ್ಲಿ. ಮೊದಲ ಒಲಿಂಪಿಕ್ಸ್ ಆಡಿದ್ದು 1964ರಲ್ಲಿ, ತಮ್ಮದೇ ಟೋಕಿಯೊದಲ್ಲಿ. ಆಗ 23ರ ಹುಡುಗ, ಕುದುರೆಯಿಂದ ಬೇಲಿ ಹಾರಿಸುವ ಸ್ಪರ್ಧೆ. ಮುಂದೆ ನೌಕರಿ, ಸಂಸಾರ. ಒಂದು ಔಷಧ ಕಂಪನಿಯಲ್ಲಿ ದೊಡ್ಡ ಹುದ್ದೆಯವರೆಗೆ ಏರಿದರು. ಸವಾರಿ ಮಾತ್ರ ಬಿಡಲಿಲ್ಲ. ಕಣ್ಣು ಮಂದವಾಗಿ ಬೇಲಿ ಎಷ್ಟು ದೂರ ಇದೆ ಎಂಬ ಅಂದಾಜು ತಪ್ಪತೊಡಗಿದಾಗ, ಹಾರಿಸುವುದನ್ನು ಬಿಟ್ಟು 'ಡ್ರೆಸಾಜ್' ಎಂಬ ಬೇರೆ ಪ್ರಕಾರಕ್ಕೆ ಬಂದರು. ಎಲ್ಲವನ್ನೂ ಬಿಡುವ ಬದಲು ತಮ್ಮ ಕಣ್ಣಿಗೆ ಒಗ್ಗುವುದನ್ನು ಹಿಡಿದರು.

ನೌಕರಿಯಿಂದ ನಿವೃತ್ತರಾದ ಮೇಲೆ ಜರ್ಮನಿಯ ಆಖೆನ್ ಊರಿಗೆ ಹೋಗಿ ನೆಲೆಸಿ ದಿನಾ ಅಭ್ಯಾಸ ಮಾಡಿದರು. ಹೆಂಡತಿ ಜಪಾನಿನಲ್ಲೇ ಉಳಿದರು. ನಮ್ಮಲ್ಲಿ ಪಿಂಚಣಿ ಬಂದ ಮೇಲೆ ಮನುಷ್ಯ ಊರಿಗೆ ಮರಳುತ್ತಾನೆ, ಈ ಮನುಷ್ಯ ಊರು ಬಿಟ್ಟರು. 2008ರಲ್ಲಿ ಬೀಜಿಂಗ್, 2012ರಲ್ಲಿ ಲಂಡನ್. ಟೋಕಿಯೊದಿಂದ ಲಂಡನ್‌ಗೆ 48 ವರ್ಷದ ಅಂತರ. ಪದಕ ಬರಲಿಲ್ಲ ಎನ್ನುವುದನ್ನೂ ಹೇಳಬೇಕು.

ಡ್ರೆಸಾಜ್‌ನಲ್ಲಿ ಹಾರುವುದು ಇಲ್ಲ, ಓಟದ ಪೈಪೋಟಿ ಇಲ್ಲ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳ. ಅದರೊಳಗೆ ಕುದುರೆ ಗೊತ್ತಾದ ನಡೆಗಳನ್ನು ತೋರಿಸಬೇಕು. ನಿಂತಲ್ಲೇ ಹೆಜ್ಜೆ ಹಾಕುವುದು, ಓರೆಯಾಗಿ ಸರಿಯುವುದು, ಸುತ್ತಿ ತಿರುಗುವುದು. ಪ್ರತಿ ನಡೆಗೂ ತೀರ್ಪುಗಾರರು 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. ಸವಾರ ಬಾಯಿಬಿಟ್ಟು ಏನೂ ಹೇಳುವ ಹಾಗಿಲ್ಲ. ತೊಡೆಯ ಒತ್ತು, ಸೊಂಟದ ಭಾರ, ಲಗಾಮಿನ ಸಣ್ಣ ಸೆಳೆತ, ಇಷ್ಟರಲ್ಲೇ ಕುದುರೆಗೆ ತಿಳಿಯಬೇಕು. ಇದಕ್ಕೆ ತಾಕತ್ತಿಗಿಂತ ತಾಳ್ಮೆ ಹೆಚ್ಚು ಬೇಕು. ಆದ್ದರಿಂದಲೇ ಇಲ್ಲಿ ಗಂಡಸರು, ಹೆಂಗಸರು, ಎಳೆಯರು, ಮುದುಕರು ಒಂದೇ ಅಂಗಳದಲ್ಲಿ ಒಬ್ಬರಿಗೊಬ್ಬರು ಎದುರಾಳಿ. ಒಲಿಂಪಿಕ್ಸ್ ಸವಾರರಿಗೆ ಇಷ್ಟು ವರ್ಷ ತುಂಬಿರಬೇಕು ಎಂಬ ನಿಯಮ ಇದೆ. ಇಷ್ಟು ವರ್ಷಕ್ಕೆ ಬಿಡಬೇಕು ಎಂಬ ನಿಯಮ ಇಲ್ಲ.

ಹೊಕೆತ್ಸು ಒಬ್ಬರೇ ಅಲ್ಲ. ಆಸ್ಟ್ರಿಯಾದ ಆರ್ಥರ್ ಫಾನ್ ಪೊಂಗ್ರಾಟ್ಸ್ 1936ರ ಬರ್ಲಿನ್‌ನಲ್ಲಿ ಸವಾರಿ ಮಾಡಿದಾಗ ಅವರಿಗೆ 72. ಬ್ರಿಟನ್ನಿನ ಲೋರ್ನಾ ಜಾನ್‌ಸ್ಟನ್ 1972ರಲ್ಲಿ ಮ್ಯೂನಿಕ್ ಅಂಗಳಕ್ಕೆ ಇಳಿದಾಗ 70 ತುಂಬಿ ಐದೇ ದಿನ ಆಗಿತ್ತು. ಆಸ್ಟ್ರೇಲಿಯಾದ ಮೇರಿ ಹ್ಯಾನಾ ತಮ್ಮ 66ರಲ್ಲಿ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಬಂದಿದ್ದರು. ಅದೇ ಟೋಕಿಯೊದಲ್ಲಿ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 23ನೇ ಸ್ಥಾನ ಪಡೆದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ತಂದ ಹುಡುಗ ಅವರು, ಹುಟ್ಟಿದ್ದು 1992ರಲ್ಲಿ. ಹೊಕೆತ್ಸು ಅವರ ವಯಸ್ಸಿನವರೆಗೂ ಜೀನು ಬಿಡುವುದಿಲ್ಲ ಎಂದರೆ 2063ರವರೆಗೆ ಕಾಯಬೇಕು!

ಅಮೆರಿಕದಲ್ಲಿ ಇನ್ನೊಂದು ಸೊಗಸಾದ ಪದ್ಧತಿ ಇದೆ. ಸವಾರನ ವಯಸ್ಸು, ಕುದುರೆಯ ವಯಸ್ಸು ಕೂಡಿಸಿ ನೂರಾಗಬೇಕು. ಅಂಥ ಜೋಡಿ ಒಂದು ಡ್ರೆಸಾಜ್ ಪರೀಕ್ಷೆ ಕೊಟ್ಟರೆ 'ಸೆಂಚುರಿ ಕ್ಲಬ್' ಸದಸ್ಯತ್ವ. 1996ರಲ್ಲಿ ಶುರುವಾಯಿತು. ಅಜ್ಜನಿಗೆ 78 ಇದ್ದರೆ ಕುದುರೆಗೆ 22 ಆಗಿರಬೇಕು. ಕುದುರೆಗೆ 22 ಎಂದರೆ ಅದೂ ಅಜ್ಜನೇ. ಅಲ್ಲಿ ಗೆಲ್ಲುವುದು, ಸೋಲುವುದು ಮುಖ್ಯವಲ್ಲ, ಇಬ್ಬರು ಮುದುಕರೂ ಕೂಡಿಯೇ ಅಂಗಳ ಮುಗಿಸಿ ಬರಬೇಕು.

ಬೀಳುವ ಭಯ

ಹಂಗಂತ ಎಪ್ಪತ್ತರವರೆಲ್ಲ ನಾಳೆಯೇ ಕುದುರೆ ಹತ್ತಿ ಎಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ದಿನಾ ಸವಾರಿ ಮಾಡುವವರಿಗೆ ಬೆನ್ನು, ಸೊಂಟ, ತೊಡೆ ಗಟ್ಟಿ ಇರುತ್ತವೆ, ತೋಲ ತಪ್ಪುವುದಿಲ್ಲ ಎನ್ನುವುದು ಖರೆ. ಆದರೆ ವಯಸ್ಸಾದಂತೆ ಎಲುಬು ಟೊಳ್ಳಾಗುತ್ತದೆ, ಹೆಂಗಸರಲ್ಲಿ ಇನ್ನೂ ಬೇಗ. ಇಪ್ಪತ್ತರಲ್ಲಿ ಬಿದ್ದವ ಧೂಳು ಕೊಡವಿ ಏಳುತ್ತಾನೆ. ಎಪ್ಪತ್ತರಲ್ಲಿ ಸೊಂಟದ ಎಲುಬು ಮುರಿದರೆ ಹಾಸಿಗೆಯಿಂದ ಏಳುವುದೇ ಕಷ್ಟ. 2021ರಿಂದ ಅಂತರರಾಷ್ಟ್ರೀಯ ಡ್ರೆಸಾಜ್ ಸವಾರರೂ ಹಳೆಯ ಎತ್ತರದ ಟೋಪಿ ಬಿಟ್ಟು ಹೆಲ್ಮೆಟ್ ಹಾಕಲೇಬೇಕು. ವಯಸ್ಸಾದವರು ನೆಲದಿಂದ ಹತ್ತುವ ಬದಲು ಮೆಟ್ಟಿಲಿಟ್ಟು ಹತ್ತುತ್ತಾರೆ. ನಮ್ಮ ಹಿರಿಯರು ಕುದುರೆಯನ್ನು ಕಟ್ಟೆಗೆ ಹಚ್ಚಿ ನಿಲ್ಲಿಸಿ ಹತ್ತುತ್ತಿದ್ದುದೂ ಇದೇ ಉಪಾಯ.

ಈ ಭಾಗದ ಇತಿಹಾಸದಲ್ಲೂ ಜೀನಿಗೂ ಮುಪ್ಪಿಗೂ ಸಂಬಂಧಪಟ್ಟ ಎರಡು ಪ್ರಸಂಗ ಇವೆ. 1565ರಲ್ಲಿ ಈಗಿನ ವಿಜಯಪುರ ಜಿಲ್ಲೆಯ ರಕ್ಕಸಗಿ-ತಂಗಡಗಿ ಕಡೆ ನಡೆದ ಯುದ್ಧದಲ್ಲಿ ವಿಜಯನಗರದ ಅಳಿಯ ರಾಮರಾಯ ಎಂಬತ್ತರ ಆಸುಪಾಸಿನ ಮುದುಕ. ಪಲ್ಲಕ್ಕಿ ಬೇಡ, ಕುದುರೆ ಹತ್ತಿರಿ, ಅದೇ ಸುರಕ್ಷಿತ ಎಂದು ಸರದಾರರು ಬೇಡಿಕೊಂಡರೂ ಅವನು ಕೇಳಲಿಲ್ಲ ಎಂದು ಫೆರಿಸ್ತಾ ಬರೆದಿದ್ದಾನೆ. ಕೊನೆಗೆ ಆನೆಗೆ ಹೆದರಿ ಬೋಯಿಗಳು ಪಲ್ಲಕ್ಕಿ ಬಿಟ್ಟು ಓಡಿದರು, ಮುದುಕ ಸೆರೆಸಿಕ್ಕ. ಔರಂಗಜೇಬನದು ಇನ್ನೂ ಹತ್ತಿರದ ಕತೆ. 1695ರಿಂದ 1699ರವರೆಗೆ ಅವನ ಡೇರೆ ಇದ್ದುದು ನಮ್ಮ ಸೊಲ್ಲಾಪುರ ಜಿಲ್ಲೆಯ ಭೀಮಾ ದಂಡೆಯ ಬ್ರಹ್ಮಪುರಿಯಲ್ಲಿ. ಮರುವರ್ಷ, 1700ರಲ್ಲಿ, ಸಾಂಗೋಲೆ ಕಡೆಯ ಖವಾಸಪುರದಲ್ಲಿ ಮಾಣ ನದಿಗೆ ರಾತ್ರೋರಾತ್ರಿ ಮಹಾಪೂರ ಬಂತು. ಗದ್ದಲ ಕೇಳಿ ಗಾಬರಿಯಿಂದ ಎದ್ದ ಬಾದಶಹ ಮುಗ್ಗರಿಸಿ ಬಲ ಮೊಣಕಾಲು ತಪ್ಪಿಸಿಕೊಂಡ. 82ರ ಹೊಸ್ತಿಲು. ಕಾಲು ಮತ್ತೆ ಸರಿ ಕೂಡಲಿಲ್ಲ, ಸಾಯುವವರೆಗೂ ಕುಂಟಿದ.

ಭೀಮೆಯ ಕುದುರೆ

ಅಜ್ಜಂದಿರ ಮಾತು ಇಷ್ಟಾದರೂ, ನಮ್ಮ ಕಡೆ ಸವಾರರಿಗೆ ವಯಸ್ಸಾಗುವ ಮೊದಲೇ ಕುದುರೆ ಹೋಯಿತು ಎನ್ನುವುದೇ ನಿಜವಾದ ಕೊರತೆ. ದಂಡು ಮುಗಿಯಿತು, ವತನದಾರಿಕೆ ಮುಗಿಯಿತು. ಸಂತೆಗೆ ಕುದುರೆ ಮೇಲೆ ಹೋಗುತ್ತಿದ್ದ ಗೌಡ, ಕುಲಕರ್ಣಿಗಳ ಕಾಲ ಮುಗಿಯಿತು. ಸೊಲ್ಲಾಪುರದ ಟಾಂಗಾಗಳ ಜಾಗಕ್ಕೆ ರಿಕ್ಷಾ ಬಂತು. ಹುರುಳಿಯ ದರ, ಮೇವಿನ ದರ, ಲಾಳ ಕಟ್ಟುವವನ ಅಭಾವ, ಒಂದಕ್ಕೊಂದು ಕೂಡಿದವು. ಚಿಕ್ಕಂದಿನಲ್ಲಿ ರಿಕಾಪಿಗೆ ಕಾಲಿಡದವ ಎಪ್ಪತ್ತರಲ್ಲಿ ಇಡುವುದೆಲ್ಲಿಂದ ಬಂತು?

ಪೂರ್ತಿ ಹೋಗಿಲ್ಲ ಎನ್ನುವುದೂ ಅಷ್ಟೇ ಖರೆ. ಕುರಿಗಾರರ ಹಿಂಡಿನ ಸಂಗಡ ಹಾಂಡೆ, ಹಾಸಿಗೆ, ಆಗತಾನೆ ಈದ ಕುರಿಮರಿ ಹೊತ್ತು ಬರುವ ಗಿಡ್ಡ ಮೈಕಟ್ಟಿನ ಕುದುರೆಯನ್ನು ಎಲ್ಲರೂ ನೋಡಿದ್ದಾರೆ. ಹಿಂಡು ಗಂಡಸರ ಪಾಲು, ಕುದುರೆ ಹೊಡೆದುಕೊಂಡು ಮುಂದೆ ಹೋಗಿ ಬಿಡಾರ ಹೂಡುವುದು ಹೆಂಗಸರ ಪಾಲು. ಕೂಸುಗಳು, ಕೆಲವೊಮ್ಮೆ ಕಾಲು ಸೋತ ಮುದುಕರೂ ಅದರ ಮೇಲೆಯೇ. ಅದಕ್ಕೆ ಹೆಸರು ಭೀಮಥಡಿ, ಅಂದರೆ ಭೀಮೆಯ ದಡದ ಕುದುರೆ. ಮರಾಠರ ದಂಡು ಓಡಾಡಿದ್ದು ಈ ತಳಿಯ ಮೇಲೆ ಎನ್ನುತ್ತಾರೆ. ಬಹುಕಾಲ ಅದನ್ನು ಯಾವುದೋ ಬೆರಕೆ ತಟ್ಟು ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆ 2023-24ರಲ್ಲಿ ಅದನ್ನು ಸ್ವತಂತ್ರ ತಳಿ ಎಂದು ನೋಂದಾಯಿಸಿತು. ಮಾರವಾಡಿ, ಕಾಠಿಯಾವಾಡಿ, ಮಣಿಪುರಿ ಮುಂತಾದ ಏಳು ತಳಿಗಳ ನಂತರ ಇದು ದೇಶದ ಎಂಟನೆಯದು. ನೋಂದಣಿಯ ಕಾಗದದಿಂದ ಕುರಿಗಾರನ ಮನೆಗೆ ಇನ್ನೊಂದು ಕುದುರೆ ಬರುವುದಿಲ್ಲ ಖರೆ, ಆದರೆ ತಳಿಗೆ ಹೆಸರೇ ಇಲ್ಲದಿದ್ದರೆ ಅದನ್ನು ಉಳಿಸಿ ಎಂದು ಅರ್ಜಿ ಹಾಕುವುದೂ ಆಗುವುದಿಲ್ಲ. ಗಿಡ್ಡ ಕುದುರೆ, ಬಿದ್ದರೂ ಹೆಚ್ಚು ಎತ್ತರದಿಂದಲ್ಲ, ಹೆಚ್ಚು ಮೇವೂ ಕೇಳದು. ವಯಸ್ಸಾದವರ ಸವಾರಿಗೆ ಇದಕ್ಕಿಂತ ಒಗ್ಗುವ ಪ್ರಾಣಿ ಯಾವುದು ಎಂದು ಯಾರಾದರೂ ವಿಚಾರ ಮಾಡಬಹುದು.

ಹೊಕೆತ್ಸು ಅವರ ಕೊನೆಯ ಪ್ರಸಂಗವೂ ಇಲ್ಲಿಗೆ ಹೊಂದುತ್ತದೆ. 2016ರ ರಿಯೊ ಒಲಿಂಪಿಕ್ಸ್ ವೇಳೆಗೆ ಅವರಿಗೆ 75. ಹೋಗುವ ಆಸೆ ಇತ್ತು, ಮೈಯಲ್ಲಿ ಕಸುವೂ ಇತ್ತು. ಕುದುರೆ ಕಾಯಿಲೆ ಬಿತ್ತು. ಹೋಗಲಿಲ್ಲ.

ಗಡಿಯವರು ಇಂದಿಗೂ ಕುದುರೆ ಓಟ ನೋಡಬೇಕೆಂದರೆ ಆಷಾಢದ ವಾರಿಗೆ ಕಾಯಬೇಕು. ಜ್ಞಾನೇಶ್ವರರ ಪಾಲಖಿಯ ಸಂಗಡ ನಡೆಯುವ ಎರಡು ಕುದುರೆಗಳು ಕರ್ನಾಟಕದವೇ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಕಡೆಯ ಅಂಕಲಿಯ ಶಿತೋಳೆ ಸರಕಾರ ಮನೆತನದವು. ಅಲ್ಲಿಂದ ನಡೆದು ಆಳಂದಿ ಸೇರಿ, ಮತ್ತೆ ಪಾಲಖಿಯೊಂದಿಗೆ ನಡೆದೇ ಪಂಢರಪುರಕ್ಕೆ ಬರುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ ಇರುತ್ತಾನೆ, ಇನ್ನೊಂದು ಮಾವುಲಿಯ ಕುದುರೆ, ಅದರ ಮೇಲೆ ಯಾರೂ ಕೂಡುವುದಿಲ್ಲ. ಸದಾಶಿವನಗರ, ಖುಡೂಸ, ವಾಖರಿ, ಎಲ್ಲ ನಮ್ಮ ಸೊಲ್ಲಾಪುರ ಜಿಲ್ಲೆಯ ಬಯಲುಗಳೇ. ಅಲ್ಲಿ ರಿಂಗಣ ಆಗುವಾಗ ಎರಡೂ ಕುದುರೆ ಮಂದಿಯ ನಡುವೆ ಸುತ್ತು ಹಾಕಿ ಓಡುತ್ತವೆ. ಓಟ ಮುಗಿದ ಕೂಡಲೇ ವಯಸ್ಸಾದವರು ಬಗ್ಗಿ ಗೊರಸಿನ ಮಣ್ಣು ತೆಗೆದು ಹಣೆಗೆ ಹಚ್ಚಿಕೊಳ್ಳುತ್ತಾರೆ. ವಾಖರಿಯ ರಿಂಗಣ ಏಕಾದಶಿಗೆ ಒಂದೆರಡು ದಿನ ಮೊದಲು. ಅಕ್ಕಲಕೋಟದಿಂದ ಹೋಗುವವರು ಸೊಲ್ಲಾಪುರಕ್ಕೆ ಬಂದು ಪಂಢರಪುರದ ಬಸ್ಸು ಹಿಡಿಯಬೇಕು. ಗದ್ದಲ ಭಾಳ ಇರುತ್ತದೆ, ಅಜ್ಜ-ಅಜ್ಜಿಯರನ್ನು ಕರೆದೊಯ್ಯುವವರು ಮುಂಜಾನೆಯೇ ಹೊರಡುವುದು ಒಳ್ಳೆಯದು.