ಟೋನ್ ಎಣಿಸಿ ಕೀಬೋರ್ಡ್ ಕೊಳ್ಳಬೇಡಿ

"ಇದರಾಗ ಎಷ್ಟು ಟೋನ್ ಅದಾವ್ರೀ?" ಮಗನಿಗೋ ಮಗಳಿಗೋ ಮೊದಲ ಕೀಬೋರ್ಡ್ ಕೊಡಿಸಲು ಹೊರಟವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಇದು. ರಾಯಚೂರಾಗಲಿ, ದೇವದುರ್ಗವಾಗಲಿ, ಮಾನ್ವಿಯಾಗಲಿ, ಪ್ರಶ್ನೆ ಬದಲಾಗುವುದಿಲ್ಲ. ಡಬ್ಬಿಯ ಮೇಲೂ ಅದನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಕ್ಯಾಸಿಯೊ ಸಿಟಿ-ಎಸ್200 ಎಂಬ ಸಾಧಾರಣ ಮಾದರಿಯಲ್ಲೇ 400 ಟೋನ್ (ಬೇರೆ ಬೇರೆ ದನಿ), 77 ರಿದಂ ಇವೆ. ಕಲಿಯಲು ಕೂತ ಮಗು ಮೊದಲ ವರ್ಷದಲ್ಲಿ ಅವುಗಳಲ್ಲಿ ನಾಲ್ಕೈದನ್ನು ಬಳಸಿದರೆ ಹೆಚ್ಚು. ಉಳಿದವು ನೆಂಟರು ಬಂದಾಗ ಒತ್ತಿ ತೋರಿಸಲಿಕ್ಕೆ.

ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಮಗು ಯಾವ ಹಾಡು ನುಡಿಸುತ್ತದೆ, ಯಾರ ಪಕ್ಕ ಕೂತು ನುಡಿಸುತ್ತದೆ?

ಈ ಭಾಗದಲ್ಲಿ ಆ ಪ್ರಶ್ನೆಗೆ ಉತ್ತರ ಒಂದೇ ಇರುವುದಿಲ್ಲ. ಮಾನ್ವಿ ಜಗನ್ನಾಥದಾಸರ ಊರು. ವಿಜಯದಾಸರ ಚೀಕಲಪರ್ವಿ ಅಲ್ಲಿಗೆ ಹತ್ತಿರ. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಗಿದೆ. ದಾಸರ ಪದಗಳ ಭಜನೆಗೆ, ಮಠದ ಅಂಗಳದ ತತ್ವಪದಕ್ಕೆ ಹಾರ್ಮೋನಿಯಮ್ಮೇ ಜೊತೆಗಾರ. ರಾಯಚೂರಿನ ರಂಗಮಂದಿರಕ್ಕೆ ಹೆಸರು ಕೊಟ್ಟ ಪಂಡಿತ ಸಿದ್ದರಾಮ ಜಂಬಲದಿನ್ನಿಯವರು ಹಿಂದೂಸ್ತಾನಿ ಗಾಯಕರು. ಇನ್ನೊಂದು ಕಡೆ ಚರ್ಚಿನ ಆರಾಧನೆ ಇದೆ, ಶಾಲೆಯ ವಾರ್ಷಿಕೋತ್ಸವ ಇದೆ, ಗಣೇಶನ ಹಬ್ಬದ ಆರ್ಕೆಸ್ಟ್ರಾ ಇದೆ. ಅಲ್ಲೆಲ್ಲ ಕೀಬೋರ್ಡಿನದೇ ರಾಜ್ಯ. ಯಾವ ಕಂಪನಿಯದಾದರೂ ಜನ ಅದನ್ನು 'ಕ್ಯಾಸಿಯೊ' ಎಂದೇ ಕರೆಯುತ್ತಾರೆ.

ಟಚ್ ಬೇಕೋ ಬೇಡವೋ ಎಂಬ ತಕರಾರು ಬಗೆಹರಿಯುವುದೂ ಯಾವ ಹಾಡು, ಯಾರ ಪಕ್ಕ ಎಂಬ ಆ ಪ್ರಶ್ನೆಯಿಂದಲೇ. ಟಚ್ ಇರುವ ಕೀಬೋರ್ಡಿನಲ್ಲಿ ಮನೆಯನ್ನು (ಕೀಯನ್ನು) ಮೆಲ್ಲಗೆ ಒತ್ತಿದರೆ ಸಣ್ಣ ದನಿ, ಜೋರಾಗಿ ಒತ್ತಿದರೆ ದೊಡ್ಡ ದನಿ. ಇಲ್ಲದ್ದರಲ್ಲಿ ಹೇಗೆ ಒತ್ತಿದರೂ ದನಿ ಒಂದೇ. ಅಂಗಡಿಯವರು ಟಚ್ ಇರುವುದನ್ನೇ ಮುಂದೆ ಮಾಡುತ್ತಾರೆ. ಆದರೆ ಹಾರ್ಮೋನಿಯಂ ನೆನಪು ಮಾಡಿಕೊಳ್ಳಿ. ಅಲ್ಲಿ ಬೆರಳು ಎಷ್ಟು ಭಾರ ಹಾಕಿತೆಂಬುದು ಲೆಕ್ಕಕ್ಕೇ ಇಲ್ಲ. ದನಿ ಏರಿಳಿಯುವುದು ಎಡಗೈ ಹಾಕುವ ಗಾಳಿಯಿಂದ. ಹಾಡಿನ ಬೆನ್ನು ಹತ್ತಿ ಬಲಗೈಯಲ್ಲಿ ಸ್ವರ ಹಿಡಿಯುವ ಭಜನೆಯ ಹುಡುಗನಿಗೆ ಟಚ್ ಇಲ್ಲದ ಮಾದರಿ ಸಾಕು. ಯಮಹಾ ಪಿಎಸ್ಆರ್-ಎಫ್52, ಕ್ಯಾಸಿಯೊ ಸಿಟಿ-ಎಸ್200 ಈ ಸಾಲಿನವು. ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. ಎರಡೂ ಕೈಯಲ್ಲಿ ಪಿಯಾನೊ ಕಲಿಯಬೇಕು, ಮುಂದೆ ಗ್ರೇಡ್ ಪರೀಕ್ಷೆಗೆ ಕೂರಬೇಕು ಎನ್ನುವ ಹುಡುಗಿಗೆ ಅದೇ ವಾದ್ಯ ತೊಡಕಾಗುತ್ತದೆ. ಅವಳ ಬೆರಳಿಗೆ ಭಾರದ ಅಂದಾಜೇ ಬರುವುದಿಲ್ಲ. ಅಂಥವರು ಒಂದಷ್ಟು ಸಾವಿರ ಹೆಚ್ಚು ಹಾಕಿ ಸಿಟಿ-ಎಸ್300 ಅಥವಾ ಪಿಎಸ್ಆರ್-ಇ373 ನೋಡುವುದು ಮೇಲು. ಕೆಹರ್ವಾ, ದಾದ್ರಾ ಠೇಕಾಗಳು, ತಬಲಾ, ಸಿತಾರ್ ದನಿಗಳು ಬೇಕೆಂದರೆ ಭಾರತಕ್ಕೆಂದೇ ಮಾಡಿದ ಯಮಹಾ ಪಿಎಸ್ಆರ್-ಐ500ರಂಥವೂ ಇವೆ. ಬೆಲೆ ಮಾತ್ರ ಏರುತ್ತದೆ, ಮತ್ತು ಮೊದಲ ವಾದ್ಯಕ್ಕೆ ಅಷ್ಟೆಲ್ಲ ಸುರಿಯುವ ಅಗತ್ಯ ಕಾಣುವುದಿಲ್ಲ.

ಯಾವುದನ್ನೇ ಕೊಂಡರೂ ಮನೆಗಳು 61 ಇರಲಿ, ದೊಡ್ಡವರ ಬೆರಳಿನ ಅಳತೆಯವೇ ಇರಲಿ. ಎರಡು-ಮೂರು ಸಾವಿರಕ್ಕೆ ಸಿಗುವ ಸಣ್ಣ ಮನೆಯವು ಆಟಿಕೆಗಳು. ಅದರಲ್ಲಿ ಪಳಗಿದ ಬೆರಳು ಗುರುಗಳ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕೂತಾಗ ಒಂದು ಮನೆ ಆಚೀಚೆ ಬೀಳುತ್ತದೆ. ವರ್ಷದೊಳಗೆ ಇನ್ನೊಂದು ಕೊಳ್ಳಬೇಕಾಗಿ ಬಂದರೆ ಉಳಿತಾಯದ ಮಾತೆಲ್ಲಿ?

ಭಜನೆಯವರಿಗೆ ಕೀಬೋರ್ಡಿನಿಂದ ಆಗುವ ದೊಡ್ಡ ಉಪಕಾರವೆಂದರೆ ಟ್ರಾನ್ಸ್‌ಪೋಸ್. ಒಬ್ಬರು ಕಪ್ಪು ಒಂದರ ಶ್ರುತಿಯಲ್ಲಿ ಹಾಡುತ್ತಾರೆ, ಹೆಣ್ಣುಮಕ್ಕಳು ಕಪ್ಪು ನಾಲ್ಕಕ್ಕೋ ಐದಕ್ಕೋ ಏರುತ್ತಾರೆ. ಹಾರ್ಮೋನಿಯಮ್ಮಿನಲ್ಲಿ ಇದಕ್ಕೆಂದೇ ಸ್ಕೇಲ್ ಚೇಂಜರ್ ಪೆಟ್ಟಿಗೆ ಬೇಕು; ಅದರ ಬೆಲೆಯೂ ಜೋರು, ತೂಕವೂ ಜೋರು. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿ ಷಡ್ಜವನ್ನು ಹನ್ನೆರಡು ಮನೆಗಳವರೆಗೆ ಮೇಲಕ್ಕೋ ಕೆಳಕ್ಕೋ ಸರಿಸಬಹುದು. ಇದೇ ಸವಲತ್ತು ಸೋಮಾರಿತನಕ್ಕೂ ದಾರಿ. ಸದಾ ಬಿಳಿ ಒಂದರಿಂದಲೇ ಸರಿಗಮ ಹಿಡಿದ ಮಗುವಿಗೆ ಕಪ್ಪು ಮನೆಯಿಂದ ಶುರುಮಾಡು ಎಂದರೆ ಕೈ ಕಟ್ಟಿದಂತಾಗುತ್ತದೆ. ಆದ್ದರಿಂದ ಕಲಿಯುವಾಗ ಟ್ರಾನ್ಸ್‌ಪೋಸ್ ಬೇಡ, ಕಾರ್ಯಕ್ರಮದ ದಿನ ಇರಲಿ.

ಟ್ಯೂನಿಂಗ್ ಎಂಬ ಇನ್ನೊಂದು ಸೌಲಭ್ಯವನ್ನು ಬಹಳ ಜನ ಮುಟ್ಟಿಯೇ ಇರುವುದಿಲ್ಲ. ಕೀಬೋರ್ಡುಗಳು ಕಾರ್ಖಾನೆಯಿಂದ ಬರುವಾಗ 440 ಹರ್ಟ್ಸ್ ಲೆಕ್ಕಕ್ಕೆ ಶ್ರುತಿಗೊಂಡಿರುತ್ತವೆ. ಗುಡಿಯ ಹಳೇ ಹಾರ್ಮೋನಿಯಂ ಆ ಲೆಕ್ಕಕ್ಕೆ ಕೂರಬೇಕಲ್ಲ! ಎರಡನ್ನೂ ಒಟ್ಟಿಗೆ ನುಡಿಸಿದಾಗ ದನಿ ಕಂಪಿಸಿದರೆ, ಕಿವಿಗೆ ಕಿರಿಕಿರಿಯಾದರೆ ಟ್ಯೂನಿಂಗನ್ನು ತುಸು ಏರಿಸಿಯೋ ಇಳಿಸಿಯೋ ಪೆಟ್ಟಿಗೆಗೆ ಹೊಂದಿಸಿಕೊಳ್ಳಬೇಕು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು, ಗಮಕದ ವಿಷಯದಲ್ಲಿ ಮಾತ್ರ ಇವೆರಡೂ ಬಡವೇ. ಆ ಕಾರಣಕ್ಕೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಮತ್ತೆ ಒಳಬಿಡಲು ಮೂರು ದಶಕ ಹಿಡಿಯಿತು. ಸಿಟಿ-ಎಸ್300ರಲ್ಲಿ ಸ್ವರ ಬಾಗಿಸುವ ಗಾಲಿಯೊಂದಿದೆ, ಆದರೆ ಅದನ್ನು ನೆಚ್ಚಿ ರಾಗ ಕಲಿಯಲು ಹೊರಡಬಾರದು.

ಇನ್ನು ಕರೆಂಟಿನ ಮಾತು. ರಾಯಚೂರು ಜಿಲ್ಲೆಯ ಶಕ್ತಿನಗರದ ಉಷ್ಣ ಸ್ಥಾವರ 1985ರಿಂದ ನಾಡಿಗೆ ವಿದ್ಯುತ್ ಕೊಡುತ್ತಿದೆ. ಅದೇ ಜಿಲ್ಲೆಯ ಹಳ್ಳಿಯಲ್ಲಿ ಸಂಜೆ ಅಭ್ಯಾಸದ ಹೊತ್ತಿಗೇ ಲೈಟು ಹೋದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಆರು ಪೆನ್‌ಸಿಲ್ ಸೆಲ್ ಹಾಕಿ ನುಡಿಸಬಹುದಾದ ಮಾದರಿಯನ್ನೇ ಆರಿಸಿಕೊಳ್ಳುವುದು ಜಾಣತನ. ಅಡಾಪ್ಟರ್ ಡಬ್ಬಿಯಲ್ಲೇ ಇದೆಯೋ ಬೇರೆ ಕೊಳ್ಳಬೇಕೋ ಎಂದು ಮೊದಲೇ ಕೇಳಿ. ಮನೆಯಲ್ಲಿ ಬಿದ್ದಿದ್ದ ಯಾವುದೋ ಅಡಾಪ್ಟರನ್ನು ಸಿಕ್ಕಿಸಬೇಡಿ: ಸಿಟಿ-ಎಸ್200ಕ್ಕೆ 9.5 ವೋಲ್ಟ್, ಯಮಹಾದವಕ್ಕೆ 12 ವೋಲ್ಟ್. ಕೆಲವು ಹಳೇ ಕ್ಯಾಸಿಯೊಗಳಲ್ಲಿ ಪಿನ್ನಿನ ಪ್ಲಸ್-ಮೈನಸ್ಸೇ ಉಲ್ಟಾ. ಒಂದು ತಪ್ಪಿಗೆ ಬೋರ್ಡೇ ಸುಟ್ಟುಹೋಗಬಹುದು.

ಒಳಗಿನ ಸ್ಪೀಕರ್‌ಗಳು ಎರಡು-ಎರಡೂವರೆ ವ್ಯಾಟಿನವು, ಪಡಸಾಲೆಗೆ ಸಾಕು. ಜಾತ್ರೆಯ ಪೆಂಡಾಲಿನಲ್ಲಿ ಹೆಡ್‌ಫೋನ್ ತೂತಿನಿಂದ ವೈರು ಎಳೆದು ಮೈಕ್‌ಸೆಟ್ಟಿಗೆ ಕೊಡಬೇಕು. ಆಗ ಕೀಬೋರ್ಡಿನ ಸ್ವಂತ ಸ್ಪೀಕರ್ ಸುಮ್ಮನಾಗುತ್ತದೆ. ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಣ್ಣಿಗಿಂತ ಬೆರಳನ್ನು ನಂಬಬೇಕು. ಪ್ರತಿ ಮನೆಯ ಕೆಳಗೂ ಒಂದು ರಬ್ಬರ್ ಬುಗುಟು, ಅದರ ತುದಿಯಲ್ಲಿ ಕರಿ ಇಂಗಾಲದ ಬಿಲ್ಲೆ. ಒತ್ತಿದಾಗ ಆ ಬಿಲ್ಲೆ ಬೋರ್ಡಿಗೆ ತಾಗಿ ಸ್ವರ ಹುಟ್ಟುತ್ತದೆ. ಹತ್ತಿ, ಭತ್ತದ ಸುಗ್ಗಿಯ ಧೂಳು ನುಸುಳಿ ಅಲ್ಲಿ ಕೂತರೆ ಮನೆ ಮೂಕಾಗುತ್ತದೆ, ಇಲ್ಲವೇ ಟಚ್ ಇರುವ ಮಾದರಿಯಲ್ಲಿ ಮೆಲ್ಲಗೆ ಮುಟ್ಟಿದರೂ ಕಿರುಚುತ್ತದೆ. ಆದ್ದರಿಂದ 61 ಮನೆಗಳನ್ನೂ ಒಂದೊಂದಾಗಿ, ಮೆಲ್ಲಗೊಮ್ಮೆ ಜೋರಾಗೊಮ್ಮೆ ಒತ್ತಿ ನೋಡಿ. ಮಾರುವವರು ಬೇಸರಪಟ್ಟುಕೊಂಡರೆ ಪಡಲಿ. ಒಂದೆರಡು ಮನೆ ಮಾತ್ರ ಮೂಕಾಗಿದ್ದರೆ ಗುಜರಿಗೆ ಹಾಕುವಂಥದ್ದೇನಲ್ಲ. ಬಿಚ್ಚಿ ಬಿಲ್ಲೆ ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ, ಇಲ್ಲದಿದ್ದರೆ ರಬ್ಬರ್ ಪಟ್ಟಿ ಬದಲಿಸಬೇಕು. ಆ ಖರ್ಚನ್ನು ಮೊದಲೇ ಹೇಳಿ ಬೆಲೆಯಲ್ಲಿ ಮುರಿದುಕೊಳ್ಳಬಹುದು. ಡಿಸ್‌ಪ್ಲೇ ಹೋಗಿದ್ದರೆ, ಪವರ್ ತೂತು ಅಲ್ಲಾಡುತ್ತಿದ್ದರೆ ಮಾತ್ರ ಚೌಕಾಸಿಗೂ ನಿಲ್ಲದೆ ಎದ್ದು ಬರುವುದು ಒಳ್ಳೆಯದು.